ಚೆಸ್ ಕಳ್ಳರನ್ನು ಹಿಡಿಯುವ ರೇಡಿಯೋ

“ಇನ್ನು ಮುಂದೆ ಯಾವ ಕಳ್ಳನ ಆಟವೂ ನಡೆಯಲ್ಲ!” ಎಂದು ಗುಡುಗುತ್ತಾ ನಮ್ಮ ಮಾವ ಮೇಜಿನ ಮೇಲೆ ಹೊದಿಸಿದ್ದ ಬೆಡ್‌ಶೀಟನ್ನು ಸರ್ರನೆ ಎಳೆದರು. ಅದರ ಜೊತೆಗೆ ಅವರ ಕಾಫಿ ಲೋಟವೂ ಬಂತು, ನಾನು ರಾತ್ರಿಯೆಲ್ಲಾ ತಿದ್ದಿದ್ದ ಒಂಬತ್ತನೇ ತರಗತಿಯ ಉತ್ತರ ಪತ್ರಿಕೆಗಳೂ ಬಂದವು!

ಬೆಡ್‌ಶೀಟಿನಡಿ ಇದ್ದದ್ದು ಒಂದು ಹಳೇ ವಾಲ್ವ್ ರೇಡಿಯೋ. ಅದರ ನೆತ್ತಿಯ ಮೇಲೆ ಟಿ.ವಿ. ಆಂಟೆನಾದ ಎರಡು ಕಡ್ಡಿ. ಆ ಕಡ್ಡಿಗಳ ನಡುವೆ ಪಳಪಳ ಹೊಳೆಯುವ ಒಂದು ತಟ್ಟೆ.

“ರೀ, ಅದು ನನ್ನ ಇಡ್ಲಿ ತಟ್ಟೆ ಅಲ್ವೇನ್ರೀ? ಮೂರು ದಿನದಿಂದ ಹುಡುಕ್ತಿದೀನಿ!” ಎಂದರು ಅತ್ತೆ.

“ಅಲ್ಲ ಮಂಗಳಾ. ಈಗ ಅದು ರಿಸೀವರ್!”

ನಮ್ಮ ಮಾವ ರೇಣುಕಾರಾಧ್ಯರು ತಿಪಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತೈದು ವರ್ಷ ರೇಡಿಯೋ ರಿಪೇರಿ ಅಂಗಡಿ ನಡೆಸಿದವರು. ರೇಡಿಯೋ ಕೇಳುವವರೇ ಇಲ್ಲವಾದ ಮೇಲೆ ಅಂಗಡಿ ಮುಚ್ಚಿ, ಅಲ್ಲಿದ್ದ ಸಾಮಾನನ್ನೆಲ್ಲಾ ಮನೆಗೆ ತಂದು ಸಂಶೋಧನೆಗೆ ಇಳಿದಿದ್ದರು. ಹಾಲು ಉಕ್ಕುವ ಮೊದಲೇ ಎಚ್ಚರಿಸುವ ಗಂಟೆಯನ್ನು ಮಾಡಿದ್ದು ಅವರೇ. ಅದು ಎಷ್ಟು ಮೊದಲು ಎಚ್ಚರಿಸುತ್ತಿತ್ತೆಂದರೆ, ಹಾಲಿನವನು ಅವನ ಮನೆಯಲ್ಲಿ ಹಸುವಿನ ಕಟ್ಟು ಬಿಚ್ಚುವಾಗಲೇ ನಮ್ಮ ಅಡುಗೆಮನೆಯಲ್ಲಿ ಬಡಿದುಕೊಳ್ಳುತ್ತಿತ್ತು!

“ಇದರ ಹೆಸರು ಸ್ವಂತಬುದ್ಧಿ ಯಂತ್ರ. ಮನುಷ್ಯ ಯೋಚನೆ ಮಾಡಿದಾಗ ತಲೆಯಿಂದ ಸಣ್ಣ ಅಲೆ ಹೊರಡುತ್ತೆ. ಸ್ವಂತ ಯೋಚನೆ ಆದ್ರೆ ಅಲೆ ನಿಧಾನವಾಗಿ ಏಳುತ್ತೆ, ಹಸಿರು ದೀಪ. ಬೇರೆಯವರು ಹೇಳಿಕೊಟ್ಟಿದ್ದಾದ್ರೆ ದಬಕ್ ಅಂತ ಏಳುತ್ತೆ, ಕೆಂಪು ದೀಪ! ದಾಕ್ಷಾ, ಬಾಮ್ಮ ಇಲ್ಲಿ. ಮಧ್ಯಾಹ್ನ ಏನಡುಗೆ ಅಂತ ಯೋಚನೆ ಮಾಡು.”

ದಾಕ್ಷಾ ಅಂದರೆ ನಾನು, ದಾಕ್ಷಾಯಿಣಿ, ಈ ಮನೆಯ ಸೊಸೆ. ಬದನೆಕಾಯಿ ಹುಳಿ ಎಂದು ಯೋಚಿಸಿದೆ. ಭಗ್ಗನೆ ಕೆಂಪು ದೀಪ!

“ಬೆಳಿಗ್ಗೆ ನಾನೇ ಹೇಳಿದ್ದೆ, ಬದನೆಕಾಯಿ ಬಾಡ್ತಿದೆ ಅಂತ,” ಎಂದರು ಅತ್ತೆ.

“ನೋಡಿದ್ರಾ!” ಮಾವ ಕುಣಿದೇಬಿಟ್ಟರು. ನನ್ನ ಗಂಡನನ್ನು ಕರೆದು ನಿಲ್ಲಿಸಿದರು. ಯಾವ ಪಕ್ಷಕ್ಕೆ ವೋಟು, ಯಾವ ಬಣ್ಣದ ಶರ್ಟು, ಯಾವ ಊರಿಗೆ ಪ್ರವಾಸ, ಏನು ಯೋಚಿಸಿದರೂ ಕೆಂಪೇ! ಪಾಪ, ಮುಖ ಸಣ್ಣ ಮಾಡಿಕೊಂಡು ಹೊರಗೆ ಹೋದರು.

“ಈಗ ನಿಜವಾದ ಸ್ವಂತಬುದ್ಧಿ ನೋಡಿ,” ಎಂದು ಮಾವ ಆಂಟೆನಾವನ್ನು ತಮ್ಮ ಕಡೆಗೇ ತಿರುಗಿಸಿಕೊಂಡು ಕಣ್ಣು ಮುಚ್ಚಿದರು. “ಈ ಯಂತ್ರ ಮಾಡಬೇಕು ಅನ್ನೋ ಯೋಚನೆ.”

ದೀಪ ಕೆಂಪಗೆ ಉರಿಯಿತು.

“ನಾನೇ ಅಲ್ವೇನ್ರೀ ಹೇಳಿದ್ದು?” ಎಂದರು ಅತ್ತೆ. “‘ಸುಮ್ನೆ ಹಲ್ಲು ಕಡೀತಾ ಕೂರೋ ಬದ್ಲು ಏನಾದ್ರೂ ಕುಟ್ತಾ ಕೂತ್ಕೊಳ್ಳಿ’ ಅಂತ.”

ಮಾವ ಹಲ್ಲು ಕಡಿಯುತ್ತಿದ್ದುದಕ್ಕೆ ಕಾರಣವಿತ್ತು.

ನಮ್ಮ ಅತ್ತೆ ಸರ್ವಮಂಗಳಮ್ಮನವರು ಚೆಸ್ ಕಲಿತದ್ದು ಐವತ್ತೇಳನೇ ವಯಸ್ಸಿನಲ್ಲಿ. ಮಂಡಿ ಆಪರೇಷನ್ ಆಗಿ ಮೂರು ತಿಂಗಳು ಹಾಸಿಗೆಯಲ್ಲಿದ್ದಾಗ ಬೇಜಾರು ಕಳೆಯಲು ನನ್ನ ಫೋನಿನಲ್ಲಿ ಶುರುಮಾಡಿದರು. ಮಂಡಿ ವಾಸಿಯಾಯಿತು, ಆಟ ಬಿಡಲಿಲ್ಲ. ನಾಲ್ಕು ವರ್ಷದಲ್ಲಿ ಬೀದಿಯವರೆಲ್ಲಾ ಸೋತರು. ಕಳೆದ ತಿಂಗಳು ಊರಿನ ಚೆಸ್ ಸಂಘದ ಪಂದ್ಯಕ್ಕೆ ಅತ್ತೆ ಮೊದಲ ಸಲ ಹೆಸರು ಕೊಟ್ಟರು. ಕೊನೆಯ ಸುತ್ತಿನಲ್ಲಿ ಎದುರು ಕೂತವರು ಸಂಘದ ಕಾರ್ಯದರ್ಶಿ ತ್ಯಾಗರಾಜ್. ಇಪ್ಪತ್ತು ವರ್ಷದಿಂದ ಊರಿಗೆಲ್ಲಾ ಚೆಸ್ ಕಲಿಸಿದವರು. ಅವರನ್ನು ಅತ್ತೆ ಇಪ್ಪತ್ತನಾಲ್ಕು ನಡೆಗಳಲ್ಲಿ ಮುಗಿಸಿ, “ಕಾಫಿ ಕುಡೀತೀರಾ?” ಎಂದು ಕೇಳಿದರಂತೆ!

ಸಂಜೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ತ್ಯಾಗರಾಜರ ಬರಹ ಬಂತು. “ನಾನು ಯಾರ ಹೆಸರನ್ನೂ ಹೇಳುತ್ತಿಲ್ಲ. ಆದರೆ ಅರವತ್ತೊಂದು ವರ್ಷದ, ಕಿವಿಗೆ ಮಿಷನ್ ಹಾಕಿಕೊಳ್ಳುವ, ಗಾಂಧಿನಗರ ಎರಡನೇ ಕ್ರಾಸಿನ ಮಹಿಳೆಯೊಬ್ಬರು ಆಟದ ನಡುವೆ ಮೂರು ಸಲ ಬಾತ್‌ರೂಮಿಗೆ ಹೋದದ್ದೇಕೆ? ಬಲ್ಲವರು ಯೋಚಿಸಲಿ.”

ಬಲ್ಲವರು ಯೋಚಿಸಿದರು. ಮರುದಿನ ತರಕಾರಿ ಅಂಗಡಿಯಲ್ಲೇ ಒಬ್ಬಳು ಅತ್ತೆಯ ಕಿವಿಯನ್ನೇ ಬಗ್ಗಿ ನೋಡಿದಳು. ಭಜನಾ ಮಂಡಳಿಯವರು ಮಾತು ನಿಲ್ಲಿಸಿದರು. ಬಹುಮಾನದ ಫಲಕವನ್ನು ಸಂಘದವರು ‘ತನಿಖೆ ಮುಗಿಯುವವರೆಗೆ’ ಬೀರುವಿನಲ್ಲಿಟ್ಟು ಬೀಗ ಹಾಕಿದರು.

“ಶುಗರ್ ಇದೆ ಕಣ್ರೀ ನಂಗೆ! ಬಾತ್‌ರೂಮಿಗೆ ಹೋಗ್ದೆ ಏನ್ ಮಾಡ್ಲಿ?” ಎಂದು ಅತ್ತೆ ಒಮ್ಮೆ ಮಾತ್ರ ಕೂಗಿದರು. ಆಮೇಲೆ ಅದರ ಬಗ್ಗೆ ಮಾತಾಡಲಿಲ್ಲ. ಆದರೆ ಮೂರು ದಿನ ಚೆಸ್ ಬೋರ್ಡು ಬಿಚ್ಚಲೂ ಇಲ್ಲ. ಅದನ್ನು ನೋಡಲಾಗದೆ ಮಾವ ಒದ್ದಾಡಿದರು. ಪೇಪರು ಹಿಡಿದುಕೊಂಡು ಸಮಾಧಾನ ಹೇಳಲು ಬಂದರು.

“ಇದು ಎಲ್ಲಾ ಕಡೆ ಇರೋದೇ ಮಂಗಳಾ. ಅಲ್ಲೆಲ್ಲೋ ಪ್ಯಾಂಟು ಸರಿಯಿಲ್ಲ ಅಂತ ದೊಡ್ಡ ಆಟಗಾರನಿಗೇ ಆಡಕ್ಕೆ ಬಿಡಲಿಲ್ವಂತೆ. ಇನ್ನೊಬ್ಬ ಸೋತು ಮೇಜು ಗುದ್ದಿದನಂತೆ.”

“ಗುದ್ದಿದ್ದಕ್ಕೆ ಪಾಯಿಂಟ್ ಕೊಟ್ರಾ?”

“ಇಲ್ಲ.”

“ಮತ್ತೆ ನಂಗ್ಯಾಕೆ ಹೇಳ್ತೀರ? ಹೋಗಿ.”

ಹೀಗೆ ಹುಟ್ಟಿದ್ದು ಸ್ವಂತಬುದ್ಧಿ ಯಂತ್ರ. ದೀಪ ಎಲ್ಲರಿಗೂ ಕೆಂಪಗೆ ಉರಿದದ್ದು ಮಾವನಿಗೆ ಸಮಾಧಾನ ತರಲಿಲ್ಲ. “ಯಾವ ಯೋಚನೆಗೆ ಕೆಂಪು ಅಂತ ಗೊತ್ತಾಗ್ಬೇಕು. ಇದಕ್ಕೆ ಬಾಯಿ ಬೇಕು!” ಎಂದು ಮತ್ತೆ ನಾಲ್ಕು ದಿನ ಸ್ಕ್ರೂಡ್ರೈವರ್ ಹಿಡಿದು ಕೂತರು.

ಐದನೇ ದಿನ ಬೆಳಿಗ್ಗೆ ನಾವು ತಿಂಡಿಗೆ ಕೂತಿದ್ದಾಗ ಯಂತ್ರ ಕೊರಕೊರ ಕೆಮ್ಮಿ ಗಂಟಲು ಸರಿಮಾಡಿಕೊಂಡಿತು. ಹಳೇ ರೇಡಿಯೋ ಅಲ್ಲವೇ, ವಾರ್ತೆ ಓದುವವರ ಗಂಭೀರ ಧ್ವನಿ ಅದಕ್ಕೆ ಮೈಗೂಡಿಬಿಟ್ಟಿತ್ತು.

“ನಮಸ್ಕಾರ. ಈಗ ವಿಚಾರಗಳು. ಉಪ್ಪಿಟ್ಟಿಗೆ ಇಂದೂ ಉಪ್ಪು ಹೆಚ್ಚಾಗಿದೆ ಎಂದು ಸೊಸೆ ದಾಕ್ಷಾಯಿಣಿ ಭಾವಿಸಿದ್ದಾರೆ. ಈ ಕುರಿತು ಅವರು ಇದುವರೆಗೆ ಯಾವುದೇ ಹೇಳಿಕೆ ನೀಡಿಲ್ಲ.”

ನನ್ನ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು!

“ಇಂದೂ ಅಂದ್ರೆ? ನಿನ್ನೇನೂ ಹೆಚ್ಚಾಗಿತ್ತಾ?” ಎಂದರು ಅತ್ತೆ.

ನಾನು ಬಾಯಿ ತೆರೆಯುವ ಮೊದಲೇ ಯಂತ್ರ ಉತ್ತರಿಸಿತು. “ಮೊನ್ನೆಯೂ ಹೆಚ್ಚಾಗಿತ್ತು. ಮತ್ತೊಂದು ವಿಚಾರ. ಹೆಂಡತಿಯ ಕಣ್ಣು ತಪ್ಪಿಸಿ ಉಪ್ಪಿಟ್ಟಿಗೆ ಮತ್ತೊಂದು ಚಮಚ ಉಪ್ಪು ಹಾಕಿದವರು ತಾವೇ ಎಂಬುದನ್ನು ರೇಣುಕಾರಾಧ್ಯ ನೆನಪಿಸಿಕೊಂಡಿದ್ದಾರೆ.”

“ರೀ!!”

“ಕೆಲಸ ಮಾಡ್ತಿದೆ! ಯಂತ್ರ ಕೆಲಸ ಮಾಡ್ತಿದೆ!” ಎಂದು ಮಾವ ತಟ್ಟೆ ಬಿಟ್ಟು ಓಡಿದರು. ಬಿ.ಪಿ. ಇರುವ ಮನುಷ್ಯ ಉಪ್ಪು ಕದ್ದು ತಿನ್ನುವುದು ಬಯಲಾದರೂ ಅವರಿಗೆ ಸಂತೋಷವೇ!

ಅಂದೇ ಮಾವ ಸಂಘಕ್ಕೆ ಪತ್ರ ಕೊಟ್ಟು ಬಂದರು. ತ್ಯಾಗರಾಜರು ಅತ್ತೆಯ ಜೊತೆ ಮತ್ತೊಮ್ಮೆ ಆಡಲಿ, ಯಂತ್ರ ಪಕ್ಕದಲ್ಲಿರಲಿ, ಹಸಿರು ದೀಪ ಉರಿದರೆ ‘ಪ್ರಾಮಾಣಿಕತೆಯ ಪ್ರಮಾಣಪತ್ರ’ ಕೊಡಲಿ ಎಂದು. ತ್ಯಾಗರಾಜರು ಒಪ್ಪಿದರು, ಒಂದು ಷರತ್ತಿನ ಮೇಲೆ. ಅತ್ತೆ ಕಿವಿಯ ಮಿಷನ್ ತೆಗೆದಿಟ್ಟು ಆಡಬೇಕು.

ಮನೆಯಲ್ಲಿ ಯುದ್ಧವೇ ಆಯಿತು.

“ನನ್ನ ಪರವಾಗಿ ಸಾಕ್ಷಿ ಹೇಳಕ್ಕೆ ನಿಮ್ಮ ಡಬ್ಬ ಬೇಕಾ? ಅವರು ಪ್ರಮಾಣಪತ್ರ ಕೊಟ್ರೆ ನಾನು ಪ್ರಾಮಾಣಿಕಳು, ಕೊಡದಿದ್ರೆ ಕಳ್ಳಿನಾ?” ಎಂದರು ಅತ್ತೆ.

“ಊರವರ ಬಾಯಿ ಮುಚ್ಚಿಸ್ಬೇಕಲ್ಲ ಮಂಗಳಾ.”

“ಊರವರ ಬಾಯಿ ನಂಗ್ಯಾಕೆ? ಬೋರ್ಡಿನ ಮುಂದೆ ಕೂತಾಗ ನಾನು ಯಾರ ಹೆಂಡತೀನೂ ಅಲ್ಲ, ಯಾರ ಅತ್ತೇನೂ ಅಲ್ಲ. ಅದೊಂದೇ ಜಾಗ ನಂದು. ಅಲ್ಲೂ ಬಂದು ಇಡ್ಲಿ ತಟ್ಟೆ ಇಡ್ತೀರಲ್ಲ ನೀವು!”

ಮಾವ ತಲೆ ತಗ್ಗಿಸಿದರು. ಆಮೇಲೆ ಅತ್ತೆಯೇ ಎದ್ದು, ಕಪಾಟಿನಿಂದ ಬೋರ್ಡು ತೆಗೆದು ಕಾಯಿ ಜೋಡಿಸತೊಡಗಿದರು.

“ಆಡ್ತೀನಿ. ಸಾಬೀತು ಮಾಡಕ್ಕಲ್ಲ. ಆ ಮನುಷ್ಯನನ್ನ ಇನ್ನೊಂದ್ಸಲ ಸೋಲಿಸ್ಬೇಕು ಅನ್ನಿಸ್ತಿದೆ, ಅದಕ್ಕೆ!”

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಘದ ಪಕ್ಕದ ಕಲ್ಯಾಣ ಮಂಟಪ ತುಂಬಿತ್ತು. ತೀರ್ಪುಗಾರರಾಗಿ ತುಮಕೂರಿನಿಂದ ಫರ್ಹಾನಾ ಮೇಡಂ ಬಂದಿದ್ದರು. ಯಂತ್ರವನ್ನು ಎರಡು ಸುತ್ತು ಹಾಕಿ ನೋಡಿದರು.

“ನಾನು ಹದಿನೈದು ವರ್ಷದಿಂದ ತೀರ್ಪು ಕೊಡ್ತಿದೀನಿ. ಸ್ಕ್ಯಾನರ್ ನೋಡಿದೀನಿ, ಜಾಮರ್ ನೋಡಿದೀನಿ. ಇಡ್ಲಿ ತಟ್ಟೆ ಇದೇ ಮೊದಲು,” ಎಂದರು. “ಇದು ಲೆಕ್ಕಕ್ಕಿಲ್ಲದ ಪ್ರದರ್ಶನ ಪಂದ್ಯ ಅಂತ ಒಪ್ಕೊಂಡಿದೀನಿ. ಇಲ್ಲದಿದ್ರೆ ಮೊದಲು ಇದನ್ನೇ ಹೊರಗೆ ಹಾಕ್ತಿದ್ದೆ.”

ಅತ್ತೆ ಕಿವಿಯ ಮಿಷನ್ ತೆಗೆದು ನನ್ನ ಕೈಗೆ ಕೊಟ್ಟರು. ಅದಿಲ್ಲದಿದ್ದರೆ ಅವರಿಗೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಸೊಳ್ಳೆ ಹಾರಿದ ಹಾಗೆ. ತ್ಯಾಗರಾಜರ ಕಡೆ ತಿರುಗಿ, “ಕಿವಿ ತೆಗೆದಿಟ್ಟೆ ಸಾರ್. ಶುಗರ್ ಏನ್ ಮಾಡ್ಲಿ? ಗೇಟಿನ ಹತ್ರ ಬಿಟ್ಟು ಬರ್ಲಾ?” ಎಂದರು. ಹೆಂಗಸರ ಕಡೆಯಿಂದ ಕಿಸಕ್ಕನೆ ನಗು.

ಮಾವ ಯಂತ್ರದ ಬಾಯಿಯನ್ನು ಮುಚ್ಚಿಯೇ ತಂದಿದ್ದರು. ದೀಪ ಮಾತ್ರ ಸಾಕೆಂದು ಅತ್ತೆಗೆ ಮಾತು ಕೊಟ್ಟಿದ್ದರು. ಆದರೆ ಹಸಿರು ದೀಪ ಹತ್ತಿದಾಗ ‘ಟಿಂಗ್’ ಎಂಬ ಸದ್ದು ಹಿಂದಿನ ಸಾಲಿಗೂ ಕೇಳಿಸಲಿ ಎಂಬ ಆಸೆ! ಒಂದು ವೈರನ್ನು ಮಂಟಪದ ಧ್ವನಿವರ್ಧಕಕ್ಕೆ ಸಿಕ್ಕಿಸಿ, ಯಂತ್ರದ ಬಾಯಿ ಮುಚ್ಚಿದ್ದ ಗುಂಡಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರು. ಗುಂಡಿ ಕಿತ್ತು ಅವರ ಕೈಗೇ ಬಂತು!

ಮೊದಲ ಆರು ನಡೆ ಶಾಂತವಾಗಿ ಸಾಗಿದವು. ಟಿಂಗ್, ಟಿಂಗ್. ಮಾವ ಎಲ್ಲರನ್ನೂ ನೋಡಿ ತಲೆಯಾಡಿಸಿದರು. ಏಳನೇ ನಡೆಗೆ ಛಾವಣಿಯ ಸ್ಪೀಕರುಗಳೆಲ್ಲಾ ಒಟ್ಟಿಗೆ ಕೆಮ್ಮಿದವು.

“ನಮಸ್ಕಾರ. ಈಗ ವಿಚಾರಗಳು. ಬಲಗಡೆಯ ಒಂಟೆಯನ್ನು ಹೊರಗೆ ತಂದು, ಮೂರು ನಡೆಯ ನಂತರ ಎದುರಾಳಿಯ ಆನೆಯನ್ನು ಹೊಡೆಯಲು ಸರ್ವಮಂಗಳಮ್ಮ ನಿರ್ಧರಿಸಿದ್ದಾರೆ.”

ಸಭೆ ದಂಗಾಯಿತು! ತ್ಯಾಗರಾಜರು ಕಿವಿ ನಿಮಿರಿಸಿ, ತಕ್ಷಣ ಆನೆಯನ್ನು ಪಕ್ಕಕ್ಕೆ ಸರಿಸಿದರು. ಅತ್ತೆಗೆ ಏನೂ ಕೇಳಿಸಿಲ್ಲ. ಇವನಿಗೆ ಹೇಗೆ ಗೊತ್ತಾಯಿತೆಂದು ಹುಬ್ಬು ಗಂಟಿಕ್ಕಿ ಮತ್ತೆ ಯೋಚಿಸಿದರು. ಸ್ಪೀಕರುಗಳು ಅದನ್ನೂ ಹೇಳಿದವು! ಎಂಟನೇ ನಡೆ, ಒಂಬತ್ತನೇ ನಡೆ, ಅತ್ತೆ ಕಾಯಿ ಮುಟ್ಟುವ ಮೊದಲೇ ಊರಿಗೆಲ್ಲಾ ಪ್ರಸಾರ! ಮಾವ ಪ್ಲಗ್ ಕಿತ್ತರು. ಯಂತ್ರ ನಿಲ್ಲಲಿಲ್ಲ! ಇನ್ನೂರು ಜನರ ಯೋಚನೆಯ ಅಲೆಯೇ ಅದಕ್ಕೆ ಕರೆಂಟಾಗಿಬಿಟ್ಟಿತ್ತು. “ಮಂಗಳಾ, ಯೋಚನೆ ಮಾಡ್ಬೇಡ!” ಎಂದು ಕೈ ಬೀಸಿದರು. ಅತ್ತೆ ಅವರ ಕಡೆ ನೋಡಲೇ ಇಲ್ಲ.

ಫರ್ಹಾನಾ ಮೇಡಂ ಗಡಿಯಾರ ನಿಲ್ಲಿಸಿ, ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಅತ್ತೆಯ ಮುಂದೆ ಹಿಡಿದರು. ‘ಯಂತ್ರ ನಿಮ್ಮ ಯೋಚನೆಯನ್ನು ಜೋರಾಗಿ ಹೇಳುತ್ತಿದೆ. ಎಲ್ಲರಿಗೂ ಕೇಳಿಸುತ್ತಿದೆ. ಪಂದ್ಯ ರದ್ದು ಮಾಡಲೇ?’

ಅತ್ತೆ ಹಾಳೆಯನ್ನು ಎರಡು ಸಲ ಓದಿದರು. ಗಂಡನನ್ನು ಒಮ್ಮೆ ನೋಡಿದರು. ಆ ನೋಟಕ್ಕೆ ಮಾವ ಕಂಬದ ಹಿಂದೆ ಹೋಗಿ ನಿಂತರು. ಆಮೇಲೆ ಬೋರ್ಡು ನೋಡಿದರು. ಅವರ ಸ್ಥಿತಿ ಚೆನ್ನಾಗಿರಲಿಲ್ಲ. ಒಂದು ಒಂಟೆ, ಎರಡು ಕಾಲಾಳು ಹೋಗಿದ್ದವು.

“ಬೇಡ,” ಎಂದರು, ಮಂಟಪದ ಮೂಲೆಗೂ ಕೇಳುವ ಹಾಗೆ. “ಹೇಳ್ಲಿ ಬಿಡಿ. ಎಲ್ಲಾ ಹೇಳ್ಲಿ! ನನ್ನ ತಲೇಲಿ ಬೇರೆ ಯಾರೋ ಕೂತಿದಾರೆ ಅಂದ್ರಲ್ಲ, ಯಾರು ಕೂತಿದಾರೆ ಅಂತ ಇವರೆಲ್ಲಾ ಕೇಳಿಸ್ಕೊಳ್ಳಲಿ. ಗಡಿಯಾರ ಹಾಕಿ ಮೇಡಂ!”

“ನನಗೂ ಅಭ್ಯಂತರ ಇಲ್ಲ,” ಎಂದರು ತ್ಯಾಗರಾಜರು ಬೇಗಬೇಗ. ಯಾಕಿದ್ದೀತು!

ಅಲ್ಲಿಂದ ಮುಂದಿನ ಒಂದು ಗಂಟೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅತ್ತೆಯ ತಲೆಯೊಳಗೆ ಏನೇನು ನಡೆಯುತ್ತದೆಂದು ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದ ನನಗೇ ಗೊತ್ತಿರಲಿಲ್ಲ. ಕುದುರೆ ಇಲ್ಲಿಗೆ ಹಾರಿದರೆ ಅವರು ಆನೆ ತರುತ್ತಾರೆ, ಆನೆ ತಂದರೆ ಆ ಮೂಲೆ ಖಾಲಿ, ಅಲ್ಲಿಗೆ ಕಾಲಾಳು ನುಗ್ಗಿಸಿದರೆ ಒಂಟೆ ಅಡ್ಡ ಬರುತ್ತದೆ, ಬೇಡ, ಮತ್ತೆ ಮೊದಲಿನಿಂದ. ತಪ್ಪು, ತಿದ್ದುಪಡಿ, ಹಟ, ಮತ್ತೆ ಹೊಸ ದಾರಿ. ವಾರ್ತೆ ಓದುವ ಆ ಧ್ವನಿಯೂ ಒಂದೊಂದು ಕಡೆ ಉಸಿರು ಬಿಗಿಹಿಡಿದು ಓದಿತು. ಭಜನಾ ಮಂಡಳಿಯ ಹೆಂಗಸರು ಮುಂದಿನ ಸಾಲಿಗೆ ಬಂದು ನೆಲದ ಮೇಲೇ ಕೂತರು. ದೀಪ ಒಂದು ಸಲವೂ ಕೆಂಪಾಗಲಿಲ್ಲ.

ತ್ಯಾಗರಾಜರು ಎಲ್ಲವನ್ನೂ ಕೇಳಿಸಿಕೊಂಡು ಎಲ್ಲವನ್ನೂ ತಡೆದರು. ಹಾಗೆ ತಡೆಯುತ್ತಾ ತಡೆಯುತ್ತಾ ತಮ್ಮದೊಂದು ಯೋಚನೆ ಮಾಡುವುದನ್ನೇ ಮರೆತರು! ಅತ್ತೆ ತೋರಿಸಿದ ಕಡೆಗೆಲ್ಲಾ ಓಡಿದ ಅವರ ಕಾಯಿಗಳು ಒಂದಕ್ಕೊಂದು ಅಡ್ಡಲಾಗಿ ಸಿಕ್ಕಿಕೊಂಡವು.

“ಮುಖ್ಯಾಂಶಗಳು,” ಎಂದಿತು ಯಂತ್ರ. “ಸರ್ವಮಂಗಳಮ್ಮನವರ ಕುದುರೆಗೆ ಎರಡು ಮನೆಗಳು ಖಾಲಿ ಇವೆ. ಎಡಗಡೆಗೆ ಹಾರಿದರೆ ರಾಜನಿಗೂ ಮಂತ್ರಿಗೂ ಒಟ್ಟಿಗೆ ಏಟು. ಬಲಗಡೆಗೆ ಹಾರಿದರೆ ನೇರವಾಗಿ ಚೆಕ್‌ಮೇಟ್. ಎದುರಾಳಿ ಒಂದನ್ನು ಮಾತ್ರ ತಡೆಯಬಹುದಾಗಿದೆ. ಯಾವುದನ್ನು ತಡೆಯುತ್ತಾರೆಂದು ನೋಡೋಣ ಎಂದು ಅವರು ಅಂದುಕೊಂಡಿದ್ದಾರೆ.”

ತ್ಯಾಗರಾಜರ ಹಣೆಯಿಂದ ಬೆವರು ಬೋರ್ಡಿನ ಮೇಲೆ ತೊಟ್ಟಿಕ್ಕಿತು. ಆಗ ಇಡ್ಲಿ ತಟ್ಟೆ ಕಿರ್ರೆಂದು ತಾನಾಗಿ ಅವರ ಕಡೆ ತಿರುಗಿತು!

“ಇದೀಗ ಬಂದ ವಿಚಾರ. ಹೋದ ಸಲವೂ ಇವರು ಹೀಗೇ ಆಡಿದ್ದರು ಎಂದು ತ್ಯಾಗರಾಜ್ ನೆನೆದಿದ್ದಾರೆ. ಮನೆಯಲ್ಲಿ ಕೂತು ಕಲಿತ ಹೆಂಗಸಿಗೆ ಸೋತೆ ಎಂದು ಶಿಷ್ಯರ ಮುಂದೆ ಹೇಳಲಾರದೆ ವಾಟ್ಸಾಪಿನಲ್ಲಿ ಹಾಗೆ ಬರೆದದ್ದನ್ನು ಅವರು ಒಪ್ಪಿಕೊಂಡಿದ್ದಾರೆ.”

ಅದನ್ನು ಕೇಳದೆ ಇದ್ದವರು ಇಡೀ ಮಂಟಪದಲ್ಲಿ ಒಬ್ಬರೇ, ನಮ್ಮ ಅತ್ತೆ. ಅವರು ಗಲ್ಲಕ್ಕೆ ಕೈಕೊಟ್ಟು ಕುದುರೆಯನ್ನೇ ನೋಡುತ್ತಿದ್ದರು.

ತ್ಯಾಗರಾಜರು ಹಣೆಯ ಬೆವರು ಒರೆಸಿಕೊಂಡರು. ನಿಧಾನವಾಗಿ ತಮ್ಮ ರಾಜನನ್ನು ಮಲಗಿಸಿ, ಎದ್ದು ನಿಂತರು.

“ಕ್ಷಮಿಸಿ ಅಮ್ಮ,” ಎಂದರು ಮೆಲ್ಲಗೆ.

“ಆಂ?” ಎಂದರು ಅತ್ತೆ.

“ಕ್ಷಮಿಸಿ, ತಪ್ಪಾಯ್ತು.”

“ಏನ್ ಹೇಳ್ತಿದೀರಾ ಸಾರ್? ಕಿವಿ ಇಲ್ಲ ನಂಗೆ!”

ತ್ಯಾಗರಾಜರು ಎದೆ ತುಂಬಾ ಉಸಿರೆಳೆದುಕೊಂಡು ಕೂಗಿದರು. “ನೀವು ಮೋಸ ಮಾಡಿಲ್ಲ! ನಾನೇ ಸುಳ್ಳು ಬರೆದೆ! ತಪ್ಪಾಯ್ತು!”

ಚಪ್ಪಾಳೆಗೆ ಮಂಟಪ ಅದುರಿತು. ನಾನು ಓಡಿಹೋಗಿ ಮಿಷನ್ ಕೊಟ್ಟೆ. ಅತ್ತೆ ಅದನ್ನು ಕಿವಿಗಿಟ್ಟುಕೊಳ್ಳುತ್ತಾ ನನ್ನ ಹತ್ತಿರ ಬಗ್ಗಿ, “ಮೊದಲನೇ ಸಲವೇ ತುಟಿ ನೋಡಿ ಗೊತ್ತಾಗಿತ್ತು ಕಣೆ,” ಎಂದರು!

ಸಂಘದ ಅಧ್ಯಕ್ಷರು ಪ್ರಮಾಣಪತ್ರ ತಂದರು. ಅತ್ತೆ ಅದನ್ನು ಮುಟ್ಟಲಿಲ್ಲ. “ಇದು ಬೇಡ. ಬೀರುವಿನಲ್ಲಿ ಇಟ್ಟಿದೀರಲ್ಲ, ನಾನು ಗೆದ್ದ ಫಲಕ, ಅದನ್ನ ಕೊಡಿ,” ಎಂದರು. ಬೀಗದ ಕೈ ತರಲು ತ್ಯಾಗರಾಜರೇ ಹೊರಟರು.

ಅಷ್ಟರಲ್ಲಿ ಹೊರಗೆ ಗಲಾಟೆ ಎದ್ದಿತು. ಚಪ್ಪಾಳೆಯ ಉತ್ಸಾಹವೆಲ್ಲಾ ಕುಡಿದು ಯಂತ್ರ ಕೊಬ್ಬಿಬಿಟ್ಟಿತ್ತು! ಮಂಟಪದ ಮೇಲಿನ ಕೊಂಬಿನ ಸ್ಪೀಕರುಗಳು ಬೀದಿಯಲ್ಲಿ ಹೋಗುವವರ ಯೋಚನೆಯನ್ನೂ ಓದತೊಡಗಿದ್ದವು. ಬಸ್ ಕಂಡಕ್ಟರು ಯಾವ ಪ್ರಯಾಣಿಕನನ್ನು ಬೇಕೆಂದೇ ಬಿಟ್ಟುಬಂದ, ಹೂವಿನವಳು ಯಾವ ಹಾರವನ್ನು ನಿನ್ನೆಯದಕ್ಕೆ ನೀರು ಚಿಮುಕಿಸಿ ಮಾರಿದಳು, ಟ್ರಾಫಿಕ್ ಪೊಲೀಸರಿಗೆ ಎಲ್ಲಿ ಕೆರೆಯುತ್ತಿದೆ, ಎಲ್ಲಾ ಗಂಭೀರ ಧ್ವನಿಯಲ್ಲಿ! ಜನ ತಲೆಗೆ ಚೀಲ ಮುಚ್ಚಿಕೊಂಡು ಓಡುತ್ತಿದ್ದರು. ಒಂದು ಮದುವೆ ದಿಬ್ಬಣದ ಬಸ್ಸು ತಿರುವಿನಲ್ಲೇ ಹಿಂದಕ್ಕೆ ಹೋಯಿತು!

“ಎಲ್ಲರೂ ಯೋಚನೆ ಮಾಡೋದು ನಿಲ್ಲಿಸಿದ್ರೆ ಇದು ತಾನಾಗೇ ನಿಲ್ಲುತ್ತೆ!” ಎಂದು ಮಾವ ಕಂಬದ ಹಿಂದಿನಿಂದಲೇ ಕೂಗಿದರು.

“ಇದು ಚೆಸ್ ಆಡೋರ ಗುಂಪು ಕಣ್ರೀ! ಯೋಚನೆ ಹೇಗೆ ನಿಲ್ಲಿಸ್ತಾರೆ?” ಎಂದರು ಫರ್ಹಾನಾ ಮೇಡಂ.

ಆಗ ವಾಪಸ್ ಬಂದ ತ್ಯಾಗರಾಜರು ಫಲಕವನ್ನು ಅತ್ತೆಯ ಕೈಗಿಟ್ಟು, ಬೀರುವಿನಿಂದ ಅದರ ಜೊತೆಗೇ ತಂದಿದ್ದ ದಪ್ಪನೆಯ ಕಡತವೊಂದನ್ನು ಎತ್ತಿಕೊಂಡು ಮೈಕಿನ ಮುಂದೆ ನಿಂತರು. ಸಂಘದ ವಾರ್ಷಿಕ ವರದಿ! “ಮಾನ್ಯ ಸದಸ್ಯರೇ, ವರದಿಯ ವರ್ಷದಲ್ಲಿ ಕಾರ್ಯಕಾರಿ ಸಮಿತಿಯು ಹನ್ನೊಂದು ಬಾರಿ ಸಭೆ ಸೇರಿದ್ದು, ಮೊದಲನೆಯ ಸಭೆಯಲ್ಲಿ ಎರಡನೆಯ ಸಭೆಯ ದಿನಾಂಕವನ್ನು ಚರ್ಚಿಸಲಾಯಿತು…”

ಮೊದಲ ಪುಟಕ್ಕೆ ಮುಂದಿನ ಸಾಲು ಆಕಳಿಸಿತು. ಎರಡನೇ ಪುಟಕ್ಕೆ ಬೀದಿ ನಿಂತಿತು. ಮೂರನೆಯದಕ್ಕೆ ಫರ್ಹಾನಾ ಮೇಡಂ ಗಡಿಯಾರದ ಮೇಲೆ ತಲೆಯಿಟ್ಟರು. ನಾಲ್ಕನೇ ಪುಟದ ಮಧ್ಯದಲ್ಲಿ, ಇಡೀ ಬೀದಿಯಲ್ಲಿ ಒಂದೇ ಒಂದು ಯೋಚನೆಯೂ ಉಳಿಯದೆ, ಯಂತ್ರ “ಇಲ್ಲಿಗೆ…” ಎಂದು ತೂಕಡಿಸಿ ಆರಿಹೋಯಿತು.

ಈಗ ಅತ್ತೆ ಪ್ರತಿ ಭಾನುವಾರ ಸಂಘಕ್ಕೆ ಆಡಲು ಹೋಗುತ್ತಾರೆ. ತ್ಯಾಗರಾಜರು ಹತ್ತರಲ್ಲಿ ಎರಡು ಆಟ ಗೆಲ್ಲುತ್ತಾರೆ. ಬಾಗಿಲಲ್ಲಿ ಹೊಸ ಬೋರ್ಡು ತೂಗುಹಾಕಿದ್ದಾರೆ: ‘ಸ್ಪರ್ಧಿಗಳು ಮೊಬೈಲ್, ಸ್ಮಾರ್ಟ್ ವಾಚ್ ಮತ್ತು ಗಂಡಂದಿರನ್ನು ಒಳಗೆ ತರುವಂತಿಲ್ಲ.’